ಎಣಿಕೆಗೆ ಕಾದು ಕುಳಿತ ಗಡಿ: ಇರಾಕಿನ ಕುರ್ದಿಸ್ತಾನದ ಭೂಪಟ ಬದಲಾದ ಬಗೆ

ಇರಾಕಿ ಕುರ್ದಿಸ್ತಾನದ ರಾಜಧಾನಿ ಎರ್ಬಿಲ್‌ನಿಂದ ತೈಲದ ನಗರ ಕಿರ್ಕುಕ್‌ಗೆ ಹೋಗುವ ಹೆದ್ದಾರಿ ಚಿಕ್ಕ ಜಾಬ್ ನದಿಯನ್ನು ದಾಟುವಲ್ಲಿ ಒಂದು ಪಟ್ಟಣವಿದೆ. ತುರ್ಕಿಗೆ ಹತ್ತಿರದ ಭಾಷೆಯಾಡುವ ಅಲ್ಲಿನ ತುರ್ಕ್‌ಮನ್ನರು ಅದನ್ನು ಆಲ್ತುನ್ ಕೊಪ್ರು, ಅಂದರೆ ಚಿನ್ನದ ಸೇತುವೆ, ಎಂದು ಕರೆಯುತ್ತಾರೆ. ಕುರ್ದರ ಬಾಯಲ್ಲಿ ಅದು ಪಿರ್ದೆ, ಬರೀ ಸೇತುವೆ. 1991ರಿಂದ 2003ರವರೆಗೆ ಈ ಪಟ್ಟಣ ಸದ್ದಾಂ ಹುಸೇನರ ಸೇನೆಯ ಕೈಯಲ್ಲಿತ್ತು. 2003ರ ಏಪ್ರಿಲ್‌ನಲ್ಲಿ ಕುರ್ದರ ಪೆಶ್‌ಮೆರ್ಗಾ ಪಡೆಗಳು ಇದನ್ನು ದಾಟಿ ದಕ್ಷಿಣಕ್ಕೆ ಇಳಿದವು. 2017ರ ಅಕ್ಟೋಬರ್ 20ರಂದು ಇರಾಕಿ ಪಡೆಗಳು ಕಾಳಗದ ಬಳಿಕ ಇದನ್ನು ಮರಳಿ ಹಿಡಿದವು. ಎರಡು ನಗರಗಳ ನಡುವಿನ ದೂರ ನೂರು ಕಿಲೋಮೀಟರಿಗಿಂತ ಕಡಿಮೆ. ಆ ಹಾದಿಯಲ್ಲಿ ಕುರ್ದಿಸ್ತಾನ ಎಲ್ಲಿ ಮುಗಿಯುತ್ತದೆ ಎಂದು ಕೇಳಿದರೆ, ಯಾವ ವರ್ಷದ ಮಾತು ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ.

ಇರಾಕಿನ ಸಂವಿಧಾನ ಕುರ್ದಿಸ್ತಾನ ಪ್ರದೇಶವನ್ನು ಒಂದು ಒಕ್ಕೂಟ ಘಟಕವಾಗಿ ಮಾನ್ಯ ಮಾಡಿದೆ. ಅದಕ್ಕೆ ತನ್ನದೇ ಸಂಸತ್ತು, ಪ್ರಧಾನಮಂತ್ರಿ, ಸೇನೆ, ಬಾವುಟಗಳಿವೆ. ಇಷ್ಟೆಲ್ಲ ಇರುವ ಪ್ರದೇಶಕ್ಕೆ ಖಚಿತವಾದ ಗಡಿಯೊಂದೇ ಇಲ್ಲ. ಸರ್ವೆ ಮಾಡಿ, ಕಲ್ಲು ನೆಟ್ಟು, ಎರಡೂ ಕಡೆಯವರು ಒಪ್ಪಿ ಸಹಿ ಹಾಕಿದ ಗೆರೆ ಇಂದಿಗೂ ಎಳೆದಿಲ್ಲ. ಈಗ ನಾವು ನಕ್ಷೆಯಲ್ಲಿ ನೋಡುವ ಗೆರೆ ಮೂಲತಃ ಒಂದು ಯುದ್ಧ ನಿಂತ ಜಾಗ. ನೂರು ವರ್ಷಗಳಲ್ಲಿ ಈ ಗಡಿಯನ್ನು ತೀರ್ಮಾನಿಸಲು ಮುಂದಿಟ್ಟ ಬಹುಪಾಲು ಸೂತ್ರಗಳು ‘ಮೊದಲು ಜನರನ್ನು ಎಣಿಸೋಣ’ ಎಂಬಲ್ಲಿಗೇ ಬಂದು ನಿಂತವು. ಎಣಿಕೆಯ ದಿನ ಹತ್ತಿರವಾದಾಗಲೆಲ್ಲ ಅದನ್ನು ಮುಂದೂಡಲಾಯಿತು, ಮುಂದೂಡಿದ ಅವಧಿಯಲ್ಲಿ ಎಣಿಸಬೇಕಾದ ಜನರನ್ನೇ ಎಬ್ಬಿಸಿ ಕಳಿಸಲಾಯಿತು. ಈ ವಿವಾದದ ಬೇರು ಅಲ್ಲಿದೆ ಎಂಬುದು ನನ್ನ ತಿಳಿವಳಿಕೆ.

ಮೊದಲ ಎಣಿಕೆಯ ಕಥೆ ಒಂದು ಶತಮಾನ ಹಳೆಯದು. ಈಗಿನ ಇರಾಕಿ ಕುರ್ದಿಸ್ತಾನ ಒಟ್ಟೊಮನ್ ಸಾಮ್ರಾಜ್ಯದ ಮೊಸುಲ್ ಪ್ರಾಂತ್ಯದೊಳಗಿತ್ತು. 1918ರ ಅಕ್ಟೋಬರ್ 30ರಂದು ಕದನವಿರಾಮಕ್ಕೆ ಸಹಿ ಬಿದ್ದ ಮೇಲೂ ಬ್ರಿಟಿಷರ ಪಡೆ ಮುಂದುವರಿದು ಮೊಸುಲ್ ನಗರವನ್ನು ವಶಪಡಿಸಿಕೊಂಡಿತು. ಆ ಪಡೆಯಲ್ಲಿ ದೊಡ್ಡ ಪಾಲು ಭಾರತೀಯ ಸಿಪಾಯಿಗಳದು. 1932ರಲ್ಲಿ ದಿನಾರ್ ಬರುವವರೆಗೂ ಇರಾಕಿನ ಪೇಟೆಗಳಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ. 1920ರ ಆಗಸ್ಟ್ 10ರ ಸೆವ್ರ್ ಒಪ್ಪಂದ ಕುರ್ದರಿಗೆ ಸ್ವಾಯತ್ತತೆಯನ್ನೂ, ಮುಂದೆ ಅವರು ಬಯಸಿದರೆ ಸ್ವಾತಂತ್ರ್ಯವನ್ನೂ ಪಡೆಯುವ ದಾರಿಯನ್ನು ಕಾಗದದ ಮೇಲೆ ತೋರಿಸಿತ್ತು. 1923ರ ಲೊಸಾನ್ ಒಪ್ಪಂದದಲ್ಲಿ ಕುರ್ದರ ಹೆಸರೇ ಇರಲಿಲ್ಲ. ಮೊಸುಲ್ ತುರ್ಕಿಗೆ ಸೇರಬೇಕೋ ಬ್ರಿಟಿಷ್ ಆಡಳಿತದ ಇರಾಕಿಗೆ ಸೇರಬೇಕೋ ಎಂಬ ಪ್ರಶ್ನೆ ರಾಷ್ಟ್ರಸಂಘದ ಮುಂದೆ ಹೋಯಿತು.

ರಾಷ್ಟ್ರಸಂಘ ಕಳಿಸಿದ ಮೂವರು ಸದಸ್ಯರ ಆಯೋಗ 1925ರಲ್ಲಿ ಊರೂರು ತಿರುಗಿ ವರದಿ ಬರೆಯಿತು. ಜನಾಂಗದ ವಾದವೊಂದನ್ನೇ ಆಧಾರವಾಗಿ ತೆಗೆದುಕೊಂಡರೆ ಇಲ್ಲಿ ಸ್ವತಂತ್ರ ಕುರ್ದ್ ರಾಜ್ಯವೇ ಆಗಬೇಕು, ಏಕೆಂದರೆ ಜನಸಂಖ್ಯೆಯ ಎಂಟರಲ್ಲಿ ಐದು ಪಾಲು ಕುರ್ದರದ್ದು ಎಂದು ಆ ವರದಿ ಹೇಳಿತು. ಹಾಗೆಂದು ಹೇಳಿದ ವರದಿಯೇ ಕೊನೆಗೆ ಮೊಸುಲನ್ನು ಇರಾಕಿಗೆ ಸೇರಿಸಲು ಶಿಫಾರಸು ಮಾಡಿತು. ಆಡಳಿತ, ನ್ಯಾಯಾಲಯ, ಶಾಲೆಗಳಲ್ಲಿ ಕುರ್ದ್ ಅಧಿಕಾರಿಗಳಿರಬೇಕು, ಕುರ್ದ್ ಭಾಷೆ ನಡೆಯಬೇಕು ಎಂಬುದು ಅದರ ಷರತ್ತಾಗಿತ್ತು. 1925ರ ಡಿಸೆಂಬರ್‌ನಲ್ಲಿ ರಾಷ್ಟ್ರಸಂಘದ ಮಂಡಳಿ ಇದನ್ನು ಒಪ್ಪಿತು. 1926ರ ಜೂನ್‌ನ ಅಂಕಾರಾ ಒಪ್ಪಂದದಲ್ಲಿ ತುರ್ಕಿಯೂ ಒಪ್ಪಿಕೊಂಡು, ಬದಲಿಗೆ 25 ವರ್ಷಗಳ ಕಾಲ ತೈಲ ರಾಯಧನದಲ್ಲಿ ಶೇ 10ರ ಪಾಲನ್ನು ಪಡೆಯಿತು. ಮರುವರ್ಷ, 1927ರ ಅಕ್ಟೋಬರ್‌ನಲ್ಲಿ, ಕಿರ್ಕುಕ್ ಬಳಿಯ ಬಾಬಾ ಗುರ್‌ಗುರ್‌ನಲ್ಲಿ ತೈಲ ಚಿಮ್ಮಿತು. ಅಲ್ಲಿಂದಾಚೆಗೆ ಕಿರ್ಕುಕ್ ಯಾರದ್ದು ಎಂಬ ಪ್ರಶ್ನೆಯನ್ನು ತೈಲದಿಂದ ಬಿಡಿಸಿ ನೋಡುವುದು ಯಾರಿಗೂ ಸಾಧ್ಯವಾಗಿಲ್ಲ.

ಕುರ್ದರಿಗೆ ‘ಪ್ರದೇಶ’ವೊಂದು ಇರಬೇಕು ಎಂಬ ಮಾತನ್ನು ಬಾಗ್ದಾದ್ ಮೊದಲ ಬಾರಿಗೆ ಬರಹದಲ್ಲಿ ಒಪ್ಪಿದ್ದು 1970ರ ಮಾರ್ಚ್ 11ರಂದು. 1961ರಿಂದ ನಡೆಯುತ್ತಿದ್ದ ಬಂಡಾಯಕ್ಕೆ ವಿರಾಮ ಹಾಕಿದ ಆ ಒಪ್ಪಂದ ಕುರ್ದ್ ನಾಯಕ ಮುಲ್ಲಾ ಮುಸ್ತಫಾ ಬರ್ಜಾನಿ ಮತ್ತು ಆಗ ಇರಾಕನ್ನು ಆಳುತ್ತಿದ್ದ ಬಾಥ್ ಪಕ್ಷದ ಸರ್ಕಾರದ ಪರವಾಗಿ ಮಾತುಕತೆ ನಡೆಸಿದ ಸದ್ದಾಂ ಹುಸೇನರ ನಡುವಿನದು. ಕುರ್ದರು ಬಹುಸಂಖ್ಯಾತರಾಗಿರುವ ಜಾಗಗಳೆಲ್ಲ ಸ್ವಾಯತ್ತ ಪ್ರದೇಶಕ್ಕೆ ಸೇರುತ್ತವೆ, ಯಾವ ಯಾವ ಜಾಗ ಎಂಬುದನ್ನು ಜನಗಣತಿ ಹೇಳುತ್ತದೆ ಎಂಬುದು ಅದರ ಸೂತ್ರ. ಜನಗಣತಿ ನಡೆಯಲಿಲ್ಲ. 1972ರ ಜೂನ್‌ನಲ್ಲಿ ಇರಾಕ್ ವಿದೇಶಿ ಒಡೆತನದ ಇರಾಕ್ ಪೆಟ್ರೋಲಿಯಂ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದ ಮೇಲೆ ಕಿರ್ಕುಕನ್ನು ಬಿಟ್ಟುಕೊಡುವ ಮಾತು ಬಾಗ್ದಾದ್‌ಗೆ ಇನ್ನಷ್ಟು ದೂರವಾಯಿತು. 1974ರ ಮಾರ್ಚ್ 11ರಂದು, ಒಪ್ಪಂದಕ್ಕೆ ಸರಿಯಾಗಿ ನಾಲ್ಕು ವರ್ಷ ತುಂಬಿದ ದಿನ, ಸರ್ಕಾರ ತಾನೇ ಸ್ವಾಯತ್ತತಾ ಕಾನೂನನ್ನು ಹೊರಡಿಸಿತು. ಎರ್ಬಿಲ್, ಸುಲೈಮಾನಿಯಾ, ದುಹೋಕ್ ಪ್ರಾಂತ್ಯಗಳು ಅದರೊಳಗಿದ್ದವು. ಕಿರ್ಕುಕ್, ಇರಾನ್ ಗಡಿಯ ಖಾನಖೀನ್, ಸಿರಿಯಾ ಗಡಿಯ ಸಿಂಜಾರ್ ಹೊರಗುಳಿದವು. ಬರ್ಜಾನಿ ತಿರಸ್ಕರಿಸಿದರು, ಮತ್ತೆ ಯುದ್ಧವಾಯಿತು. 1975ರ ಮಾರ್ಚ್ 6ರಂದು ಆಲ್ಜಿಯರ್ಸ್‌ನಲ್ಲಿ ಇರಾನ್ ಮತ್ತು ಇರಾಕ್ ರಾಜಿ ಮಾಡಿಕೊಂಡು ಇರಾನಿನ ನೆರವು ನಿಂತುಹೋದಾಗ ಬಂಡಾಯ ಕುಸಿದುಬಿತ್ತು.

ಆಮೇಲೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಂದಿನ ವಿವಾದದ ಗಂಟು ಬಿದ್ದದ್ದು ಆಗಲೇ, ಅದೂ ಬಂದೂಕಿನಿಂದಲ್ಲ, ಕಂದಾಯ ನಕ್ಷೆಯಿಂದ. 1957ರ ಜನಗಣತಿಯನ್ನು ಎಲ್ಲ ಪಕ್ಷಗಳೂ ಹೆಚ್ಚುಕಡಿಮೆ ನಂಬಲರ್ಹ ಎಂದು ಕಾಣುತ್ತವೆ. ಅದರ ಪ್ರಕಾರ ಕಿರ್ಕುಕ್ ಪ್ರಾಂತ್ಯದಲ್ಲಿ ಕುರ್ದರು ಶೇ 48, ಅರಬರು ಶೇ 28, ತುರ್ಕ್‌ಮನ್ನರು ಶೇ 21. ಕಿರ್ಕುಕ್ ನಗರದೊಳಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ತುರ್ಕ್‌ಮನ್ನರೇ ಎಲ್ಲರಿಗಿಂತ ದೊಡ್ಡ ಗುಂಪು. ಕುರ್ದರು ಪ್ರಾಂತ್ಯದ ಅಂಕಿಯನ್ನೂ ತುರ್ಕ್‌ಮನ್ನರು ನಗರದ ಅಂಕಿಯನ್ನೂ ಹಿಡಿದು ವಾದಿಸುವುದು ಇದೇ ಕಾರಣಕ್ಕೆ, ಮತ್ತು ಇಬ್ಬರೂ ಹೇಳುವುದು ನಿಜ.

1976ರಲ್ಲಿ ಬಾಥ್ ಸರ್ಕಾರ ಈ ಪ್ರಾಂತ್ಯದ ಹೆಸರನ್ನೇ ‘ತಾಮೀಮ್’, ಅಂದರೆ ರಾಷ್ಟ್ರೀಕರಣ, ಎಂದು ಬದಲಿಸಿತು. ಅದರ ಮೈಯನ್ನೂ ಕತ್ತರಿಸಿತು. ನಮ್ಮ ತಾಲ್ಲೂಕಿನಂಥ ಘಟಕಗಳಾದ ಚಮ್‌ಚಮಾಲ್ ಮತ್ತು ಕಲಾರ್ ಸುಲೈಮಾನಿಯಾ ಪ್ರಾಂತ್ಯಕ್ಕೆ ಹೋದವು. ಕಿಫ್ರಿ ದಿಯಾಲಾ ಪ್ರಾಂತ್ಯದ ಪಾಲಾಯಿತು. ತುಜ್ ಖುರ್ಮಾತು ಹೊಸದಾಗಿ ಸೃಷ್ಟಿಯಾದ, ಸದ್ದಾಂರ ಹುಟ್ಟೂರಿನ ಕಡೆಯ ಸಲಾಹುದ್ದೀನ್ ಪ್ರಾಂತ್ಯಕ್ಕೆ ಸೇರಿತು. ಚಮ್‌ಚಮಾಲ್ ಮತ್ತು ಕಲಾರ್ ಸುಲೈಮಾನಿಯಾಕ್ಕೆ ಹೋದದ್ದನ್ನು ಮೇಲ್ನೋಟಕ್ಕೆ ಕುರ್ದರಿಗೆ ಸಿಕ್ಕ ಲಾಭವೆಂದೇ ಭಾವಿಸಬಹುದು, ಏಕೆಂದರೆ ಸುಲೈಮಾನಿಯಾ ಸ್ವಾಯತ್ತ ಪ್ರದೇಶದೊಳಗಿನದು. ಆದರೆ ಕುರ್ದರು ಕಿಕ್ಕಿರಿದಿದ್ದ ತಾಲ್ಲೂಕುಗಳನ್ನು ಹೊರಗೆ ಹಾಕಿದರೆ ಉಳಿದ ಕಿರ್ಕುಕ್‌ನಲ್ಲಿ ಅವರ ಪಾಲು ತಾನಾಗಿ ಇಳಿಯುತ್ತದೆ. ಒಬ್ಬನೇ ಒಬ್ಬ ಮನುಷ್ಯ ಮನೆ ಬಿಡದೆಯೂ ಬಹುಸಂಖ್ಯಾತರು ಅಲ್ಪಸಂಖ್ಯಾತರಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. 1977ರ ಜನಗಣತಿಯಲ್ಲಿ ಅರಬರು ಸುಮಾರು ಶೇ 44ಕ್ಕೆ ಏರಿದ್ದರು, ಕುರ್ದರು ಶೇ 38ರ ಆಸುಪಾಸಿಗೆ ಇಳಿದಿದ್ದರು.

ಆದರೆ ಜನ ಮನೆ ಬಿಡದೆ ಉಳಿಯಲಿಲ್ಲ, ಅವರನ್ನು ಬಿಡಿಸಲಾಯಿತು. ಕುರ್ದ್ ಮತ್ತು ತುರ್ಕ್‌ಮನ್ ರೈತರ ಹೊಲಗಳನ್ನು ಸದ್ದಾಂರ ಕ್ರಾಂತಿ ಮಂಡಳಿಯ ಆದೇಶಗಳ ಮೂಲಕ ಸರ್ಕಾರಕ್ಕೆ ತೆಗೆದುಕೊಂಡು ದಕ್ಷಿಣದಿಂದ ಕರೆತಂದ ಅರಬ್ ಕುಟುಂಬಗಳಿಗೆ ಗುತ್ತಿಗೆಗೆ ಕೊಡಲಾಯಿತು. ಬಂದು ನೆಲೆಸುವವರಿಗೆ ಸರ್ಕಾರ ಕೊಡುತ್ತಿದ್ದ ಹತ್ತು ಸಾವಿರ ದಿನಾರ್‌ಗಳಿಂದಾಗಿ ಅವರನ್ನು ಸ್ಥಳೀಯರು ‘ಹತ್ತು ಸಾವಿರದವರು’ ಎಂದೇ ಕರೆದರು. ಸದ್ದಾಂರ ಸೇನೆ ಕುರ್ದರ ವಿರುದ್ಧ ನಡೆಸಿದ 1988ರ ಅನ್ಫಾಲ್ ಕಾರ್ಯಾಚರಣೆಯಲ್ಲಿ ಹಳ್ಳಿಗಳು ನೆಲಸಮವಾದವು. ಮಾನವ ಹಕ್ಕು ಸಂಘಟನೆಗಳ ಅಂದಾಜಿನಂತೆ ಸತ್ತವರು 50 ಸಾವಿರದಿಂದ ಒಂದು ಲಕ್ಷ. ಕುರ್ದರು ಹೇಳುವ ಸಂಖ್ಯೆ 1,82,000. ಆ ವರ್ಷದ ಮಾರ್ಚ್ 16ರಂದು ಹಲಬ್ಜಾ ಪಟ್ಟಣದ ಮೇಲೆ ಬಿದ್ದ ವಿಷಾನಿಲದಲ್ಲೇ ಸುಮಾರು 5,000 ಜನ ಸತ್ತರು. ತೊಂಬತ್ತರ ದಶಕದಲ್ಲಿ ಕಿರ್ಕುಕ್‌ನ ಕುರ್ದರು ಮತ್ತು ತುರ್ಕ್‌ಮನ್ನರ ಮುಂದೆ ‘ರಾಷ್ಟ್ರೀಯತೆ ತಿದ್ದುಪಡಿ’ ಎಂಬ ನಮೂನೆಯನ್ನು ಇಡಲಾಯಿತು. ತಾನು ಅರಬ ಎಂದು ಅದರಲ್ಲಿ ಬರೆದುಕೊಟ್ಟವನು ಊರಲ್ಲಿ ಉಳಿಯಬಹುದಿತ್ತು. ಒಲ್ಲೆ ಎಂದವನ ಪಡಿತರ ಚೀಟಿ ಕಿತ್ತುಕೊಂಡು, ಸಾಮಾನು ಲಾರಿಗೆ ಹೇರಿಸಿ, ಉತ್ತರಕ್ಕೆ ಅಟ್ಟುತ್ತಿದ್ದರು. 1991ರ ಬಳಿಕ ಹೀಗೆ ಹೊರಬಿದ್ದವರು ಒಂದು ಲಕ್ಷಕ್ಕೂ ಹೆಚ್ಚು. ಜನಗಣತಿಯ ಕಾಲಂ ತುಂಬುವ ಕೈಯನ್ನೇ ಹೀಗೆ ತಿರುಚಿದ ಮೇಲೆ ಆ ಕಾಲದ ಯಾವ ಅಂಕಿಯನ್ನು ನಂಬುವುದು?

ಈಗಿನ ಗಡಿ ಹುಟ್ಟಿದ್ದು 1991ರಲ್ಲಿ. ಕುವೈತ್ ಯುದ್ಧದಲ್ಲಿ ಸೋತ ಸದ್ದಾಂ ವಿರುದ್ಧ ಕುರ್ದರು ಮಾರ್ಚ್‌ನಲ್ಲಿ ದಂಗೆ ಎದ್ದರು, ಕಿರ್ಕುಕ್ ಕೂಡ ಕೆಲವು ದಿನ ಅವರ ಕೈಗೆ ಬಂತು. ಸೇನೆ ಮರಳಿ ಬಂದಾಗ ಲಕ್ಷಾಂತರ ಜನ ಹಿಮ ಬಿದ್ದ ಬೆಟ್ಟಗಳನ್ನು ಹತ್ತಿ ತುರ್ಕಿ, ಇರಾನ್‌ಗಳ ಕಡೆಗೆ ಓಡಿದರು. ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳು 36ನೇ ಉತ್ತರ ಅಕ್ಷಾಂಶದ ಮೇಲಕ್ಕೆ ಇರಾಕಿ ವಿಮಾನ ಹಾರಕೂಡದು ಎಂದು ವಿಧಿಸಿದವು. ಆಕಾಶದ ಈ ಗೆರೆಯೇ ಕುರ್ದಿಸ್ತಾನದ ಗಡಿ ಎಂದು ಹಲವರು ಬರೆಯುವುದುಂಟು, ಅದು ತಪ್ಪು. ಮೊಸುಲ್ ನಗರ ಆ ಗೆರೆಯ ಉತ್ತರಕ್ಕಿದೆ, ಆದರೆ ಅದು ಕೊನೆಯವರೆಗೂ ಸದ್ದಾಂ ಆಡಳಿತದಲ್ಲೇ ಇತ್ತು. ಸುಲೈಮಾನಿಯಾ ಗೆರೆಯ ದಕ್ಷಿಣಕ್ಕಿದೆ, ಆದರೆ ಅದು ಕುರ್ದರ ಕೈಯಲ್ಲಿತ್ತು. ನೆಲದ ಗೆರೆ ಬಿದ್ದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ, ಸದ್ದಾಂ ತಮ್ಮ ಸೇನೆಯನ್ನೂ ಸರ್ಕಾರಿ ನೌಕರರನ್ನೂ ಹಿಂದಕ್ಕೆ ಕರೆಸಿಕೊಂಡು, ಸಂಬಳ ನಿಲ್ಲಿಸಿ, ಉತ್ತರಕ್ಕೆ ದಿಗ್ಬಂಧನ ಹಾಕಿದಾಗ. ಸೈನಿಕರು ಹಿಂದೆ ಸರಿದು ಕಂದಕ ತೋಡಿ ನಿಂತ ಆ ಸಾಲಿಗೆ ‘ಹಸಿರು ಗೆರೆ’ ಎಂಬ ಹೆಸರು ಬಂತು. ಅದು ಯಾವ ಪ್ರಾಂತ್ಯದ ಗಡಿಯನ್ನೂ ಅನುಸರಿಸಲಿಲ್ಲ. ಕಾಗದದಲ್ಲಿ ದಿಯಾಲಾಕ್ಕೆ ಸೇರಿದ್ದ ಕಿಫ್ರಿ ಗೆರೆಯ ಉತ್ತರಕ್ಕೆ ಉಳಿದು ಕುರ್ದರ ಆಡಳಿತಕ್ಕೆ ಬಂತು. ಇಂದಿಗೂ ಹಾಗೆಯೇ ಇದೆ. ಕುರ್ದರ ಭಾವನೆಯಲ್ಲಿ ರಾಜಧಾನಿಯಂತಿದ್ದ ಕಿರ್ಕುಕ್ ದಕ್ಷಿಣಕ್ಕೆ ಉಳಿಯಿತು.

ಆ ಗೆರೆಯ ಒಳಗೆ 1992ರ ಮೇ ತಿಂಗಳಲ್ಲಿ ಚುನಾವಣೆ ನಡೆದು ಮೊದಲ ಕುರ್ದ್ ಸರ್ಕಾರ ಬಂತು. ಎರಡು ವರ್ಷ ಕಳೆಯುವುದರೊಳಗೆ ಬರ್ಜಾನಿ ಕುಟುಂಬದ ಕೆಡಿಪಿ ಮತ್ತು ಜಲಾಲ್ ತಾಲಬಾನಿಯವರ ಪಿಯುಕೆ ಪಕ್ಷಗಳು ತಮ್ಮತಮ್ಮಲ್ಲೇ ಬಂದೂಕು ಹಿಡಿದವು. 1996ರ ಆಗಸ್ಟ್ 31ರಂದು ಕೆಡಿಪಿ ಎದುರಾಳಿಯನ್ನು ಎರ್ಬಿಲ್‌ನಿಂದ ಹೊರಹಾಕಲು ಸದ್ದಾಂರ ಸೇನೆಯನ್ನೇ ಕರೆಸಿಕೊಂಡಿತು. ಅನ್ಫಾಲ್ ನಡೆದು ಎಂಟೇ ವರ್ಷವಾಗಿತ್ತು. ಕುರ್ದರ ಬಗ್ಗೆ ಎಷ್ಟೇ ಅನುಕಂಪವಿರುವವರಿಗೂ ಈ ದಿನವನ್ನು ದಾಟಿ ಮುಂದೆ ಹೋಗುವುದು ಕಷ್ಟ. 1998ರಲ್ಲಿ ವಾಷಿಂಗ್ಟನ್‌ನಲ್ಲಿ ರಾಜಿಯಾದರೂ ಎರ್ಬಿಲ್‌ನಲ್ಲೊಂದು, ಸುಲೈಮಾನಿಯಾದಲ್ಲೊಂದು ಎಂಬಂತೆ ಎರಡು ಸರ್ಕಾರಗಳು 2006ರವರೆಗೆ ನಡೆದವು. ಹೊರಗಿನ ಗಡಿಯ ಜೊತೆಗೆ ಒಳಗೂ ಒಂದು ಗಡಿ ಬಿತ್ತು. ಇಂದಿಗೂ ಪೆಶ್‌ಮೆರ್ಗಾ ಪಡೆಗಳಲ್ಲಿ ಯಾವುದು ಯಾವ ಪಕ್ಷದ್ದು ಎಂದು ಜನ ಹೆಸರಿಟ್ಟು ಹೇಳಬಲ್ಲರು.

2003ರಲ್ಲಿ ಸದ್ದಾಂ ಆಡಳಿತ ಬಿದ್ದ ಮೇಲೆ ಯುದ್ಧದ ಗೆರೆ ಕಾನೂನಿನ ಗೆರೆಯಾಯಿತು. 2004ರ ಮಧ್ಯಂತರ ಸಂವಿಧಾನದ 53ನೇ ವಿಧಿ ಹೇಳಿದ್ದು ಇಷ್ಟೇ: ದುಹೋಕ್, ಎರ್ಬಿಲ್, ಸುಲೈಮಾನಿಯಾ, ಕಿರ್ಕುಕ್, ದಿಯಾಲಾ, ನಿನೆವೆ ಪ್ರಾಂತ್ಯಗಳಲ್ಲಿ 2003ರ ಮಾರ್ಚ್ 19ರಂದು ಕುರ್ದಿಸ್ತಾನ ಸರ್ಕಾರದ ಆಡಳಿತದಲ್ಲಿದ್ದ ನೆಲವೇ ಕುರ್ದಿಸ್ತಾನ. ಊರಿನ ಪಟ್ಟಿಯಿಲ್ಲ, ನಕ್ಷೆಯಿಲ್ಲ. ಅಮೆರಿಕದ ದಾಳಿಯ ಹಿಂದಿನ ದಿನ ಯಾರ ಕೈಯಲ್ಲಿ ಎಷ್ಟಿತ್ತೋ ಅಷ್ಟು. 2005ರ ಸಂವಿಧಾನ ಈ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತು. ಉಳಿದ ‘ವಿವಾದಿತ’ ಪ್ರದೇಶಗಳಿಗೆ 140ನೇ ವಿಧಿ ಮೂರು ಹೆಜ್ಜೆಗಳನ್ನು ಹೇಳಿತು. ಮೊದಲು ಸದ್ದಾಂ ಕಾಲದ ಅನ್ಯಾಯಗಳನ್ನು ಸರಿಪಡಿಸಿ ಹೊರಹಾಕಿದವರನ್ನು ಮರಳಿ ಕರೆತರಬೇಕು, ಆಮೇಲೆ ಜನಗಣತಿ, ಕೊನೆಗೆ ಜನಮತಗಣನೆ, ಎಲ್ಲವೂ 2007ರ ಡಿಸೆಂಬರ್ 31ರೊಳಗೆ. ಆ ದಿನ ಬಂತು, ಹೋಯಿತು. ಗಡುವು ಮುಗಿದದ್ದರಿಂದ ವಿಧಿಯೇ ಸತ್ತಿದೆ ಎಂದು ಅರಬ್ ಮತ್ತು ತುರ್ಕ್‌ಮನ್ ಪಕ್ಷಗಳು ವಾದಿಸಿದವು. ಅದರ ಉದ್ದೇಶ ಈಡೇರುವವರೆಗೆ ವಿಧಿ ಜಾರಿಯಲ್ಲಿರುತ್ತದೆ ಎಂದು ಇರಾಕಿನ ಒಕ್ಕೂಟ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಹೇಳಿತು.

ಹೆಸರಿನಲ್ಲೂ ಜಗಳವಿದೆ. ಬಾಗ್ದಾದ್‌ಗೆ ಇವು ‘ವಿವಾದಿತ ಪ್ರದೇಶಗಳು’. ಎರ್ಬಿಲ್‌ನ ಸರ್ಕಾರಿ ಕಾಗದಗಳಲ್ಲಿ ಇವು ‘ಪ್ರದೇಶದ ಆಡಳಿತದ ಹೊರಗಿನ ಕುರ್ದಿಸ್ತಾನಿ ಭಾಗಗಳು’. ಮೊದಲ ಹೆಸರು ಪ್ರಶ್ನೆಯನ್ನು ತೆರೆದಿಡುತ್ತದೆ, ಎರಡನೆಯದು ಉತ್ತರವನ್ನು ಮೊದಲೇ ಹೇಳಿಬಿಡುತ್ತದೆ.

ಅಲ್ಲಿಂದ ಮುಂದೆ ಗೆರೆ ಸರಿದದ್ದು ಐಸಿಸ್ ಉಗ್ರರ ಕಾರಣದಿಂದ. 2014ರ ಜೂನ್ 10ರಂದು ಮೊಸುಲ್ ಬಿದ್ದಾಗ ಇರಾಕಿ ಸೇನೆ ಕಿರ್ಕುಕ್‌ನಲ್ಲೂ ಶಿಬಿರ ಬಿಟ್ಟು ಓಡಿತು, ಎರಡು ದಿನಗಳಲ್ಲಿ ಪೆಶ್‌ಮೆರ್ಗಾ ಒಳಗೆ ಬಂತು. ಶತಮಾನದ ಆಸೆ ಎರಡು ದಿನದಲ್ಲಿ ಕೈಗೂಡಿತೆಂದು ಕುರ್ದರು ಸಂಭ್ರಮಿಸಿದರು. ಎರಡು ತಿಂಗಳಾಗುವುದರೊಳಗೆ, ಆಗಸ್ಟ್ 3ರಂದು, ಸಿಂಜಾರ್‌ನಿಂದ ಅದೇ ಪೆಶ್‌ಮೆರ್ಗಾ ಹಿಂದೆ ಸರಿದು, ತಮ್ಮದೇ ಧರ್ಮವನ್ನು ಪಾಲಿಸುವ ಅಲ್ಲಿನ ಯಜೀದಿಗಳು ಐಸಿಸ್‌ನ ನರಮೇಧಕ್ಕೆ ತುತ್ತಾದರು. ಸಿಂಜಾರ್ ನಮ್ಮದು ಎಂಬ ಎರ್ಬಿಲ್‌ನ ವಾದಕ್ಕೆ ಆ ದಿನ ಬಿದ್ದ ಪೆಟ್ಟು ಇನ್ನೂ ಮಾಗಿಲ್ಲ; ತಾವು ಕುರ್ದರೇ ಅಲ್ಲ, ಬೇರೆಯೇ ಜನಾಂಗ ಎನ್ನುವ ಯಜೀದಿಗಳು ಹಲವರಿದ್ದಾರೆ. ಮರಳಿ ಗೆದ್ದ ಹಳ್ಳಿಗಳಲ್ಲಿ ಪೆಶ್‌ಮೆರ್ಗಾ ಅರಬರ ಮನೆಗಳನ್ನು ಕೆಡವಿದ್ದನ್ನೂ, ಕೆಡವಬೇಕಾದ ಗೋಡೆಗಳ ಮೇಲೆ ಇಂಟು ಗುರುತು ಹಾಕಿದ್ದನ್ನೂ 2016ರಲ್ಲಿ ಅಂತರರಾಷ್ಟ್ರೀಯ ಮಾನವ ಹಕ್ಕು ಸಂಘಟನೆಗಳು ದಾಖಲಿಸಿದವು. ಎಣಿಕೆಗೆ ಮುಂಚೆ ಜನರನ್ನು ಬದಲಿಸುವ ಹಳೆಯ ಚಾಳಿ ಈ ಬಾರಿ ಬೇರೆ ಕೈಗೆ ಬಂದಿತ್ತು.

2017ರ ಸೆಪ್ಟೆಂಬರ್ 25ರಂದು ಕುರ್ದಿಸ್ತಾನದ ಆಗಿನ ಅಧ್ಯಕ್ಷ, ಮುಲ್ಲಾ ಮುಸ್ತಫಾರ ಮಗ ಮಸೂದ್ ಬರ್ಜಾನಿ ಸ್ವಾತಂತ್ರ್ಯದ ಜನಮತಗಣನೆ ನಡೆಸಿ, ಮತಗಟ್ಟೆಗಳನ್ನು ಕಿರ್ಕುಕ್ ಮತ್ತು ಇತರ ವಿವಾದಿತ ಊರುಗಳಲ್ಲೂ ತೆರೆದರು. ಶೇ 92ಕ್ಕಿಂತ ಹೆಚ್ಚು ಮಂದಿ ಹೌದು ಎಂದರು. ಮೂರು ವಾರ ಕಳೆದು, ಅಕ್ಟೋಬರ್ 16ರಂದು, ಇರಾಕಿ ಸೇನೆ ಮತ್ತು ಅದರ ಜೊತೆಗಿದ್ದ ಶಿಯಾ ಪಡೆಗಳು ಕಿರ್ಕುಕನ್ನು ಒಂದೇ ದಿನದಲ್ಲಿ ಹಿಡಿದವು. ಪಿಯುಕೆಯ ಕೆಲವು ಪಡೆಗಳು ಹೋರಾಡದೆ ಹಿಂದೆ ಸರಿದವು ಎಂಬ ಆರೋಪ ಕುರ್ದರ ನಡುವೆ ಇನ್ನೂ ಹೊಗೆಯಾಡುತ್ತಿದೆ. ಸ್ವಾತಂತ್ರ್ಯ ಕೇಳಿದ ಜನಮತಗಣನೆಯಿಂದ ಕೈಗೆ ಬಂದದ್ದು ಹೆಚ್ಚುಕಡಿಮೆ 2003ರ ಹಸಿರು ಗೆರೆ. ಅದಾದ ಮೇಲೆ ಎರಡು ಸೇನೆಗಳ ನಡುವೆ, ಮಖ್ಮೂರ್ ಬಳಿಯ ಕರಾಚೋಘ್ ಬೆಟ್ಟದಿಂದ ಖಾನಖೀನ್ ಕಡೆಯವರೆಗೆ, ಯಾರೂ ಕಾಯದ ನೆಲದ ಪಟ್ಟಿ ಉಳಿಯಿತು. ಐಸಿಸ್‌ನ ಅಳಿದುಳಿದವರು ಅಡಗಿ ದಾಳಿ ಮಾಡುತ್ತಿದ್ದುದು ಅಲ್ಲಿಂದಲೇ. ಗಡಿ ತೀರ್ಮಾನವಾಗದಿರುವುದು ವಕೀಲರ ತಲೆನೋವು ಮಾತ್ರವಲ್ಲ, ರಾತ್ರಿ ಪಾಳಿಯಲ್ಲಿ ಹೊಲ ಕಾಯುವವನ ಪ್ರಾಣದ ಪ್ರಶ್ನೆಯೂ ಹೌದು.

ಕೊನೆಗೂ 2024ರ ನವೆಂಬರ್ 20 ಮತ್ತು 21ರಂದು ಇರಾಕ್ ಪೂರ್ಣ ಜನಗಣತಿ ನಡೆಸಿತು. 1987ರ ನಂತರ ಕುರ್ದಿಸ್ತಾನವನ್ನೂ ಒಳಗೊಂಡ ಮೊದಲ ಗಣತಿ ಇದು. 1997ರದ್ದು ಆ ಮೂರು ಪ್ರಾಂತ್ಯಗಳನ್ನು ಬಿಟ್ಟು ನಡೆದಿತ್ತು. ದೇಶದ ಜನಸಂಖ್ಯೆ 4.6 ಕೋಟಿ ಎಂದು ಗೊತ್ತಾಯಿತು. ಆದರೆ ಗಣತಿಯ ನಮೂನೆಯಲ್ಲಿ ನೀವು ಕುರ್ದರೋ ಅರಬರೋ ತುರ್ಕ್‌ಮನ್ನರೋ ಎಂದು ಕೇಳುವ ಕಾಲಂ ಇರಲಿಲ್ಲ. ಕೇಳಿದ್ದರೆ ಕಿರ್ಕುಕ್‌ನಲ್ಲಿ ಗಣತಿಯೇ ನಡೆಯುತ್ತಿರಲಿಲ್ಲ ಎಂಬ ಸಮಜಾಯಿಷಿಯಲ್ಲಿ ಹುರುಳಿದೆ. ಆದರೆ 140ನೇ ವಿಧಿ ಬಯಸಿದ ಗಣತಿ ಇದಲ್ಲ ಎಂಬುದೂ ಅಷ್ಟೇ ಸ್ಪಷ್ಟ. ನನಗೆ ಅನ್ನಿಸುವಂತೆ, ಐವತ್ತು ವರ್ಷ ಎಬ್ಬಿಸಿ, ತಂದು, ಮತ್ತೆ ಎಬ್ಬಿಸಿದ ಜನರ ಮೇಲೆ ಈಗ ಹೌದು-ಅಲ್ಲ ಎಂಬ ಒಂದೇ ಪ್ರಶ್ನೆಯ ಜನಮತಗಣನೆ ಹೇರುವುದರಿಂದ ಯಾರಿಗೂ ನ್ಯಾಯ ಸಿಗದು. ‘ಹತ್ತು ಸಾವಿರದವರ’ ಮೊಮ್ಮಕ್ಕಳಿಗೆ ಹುಟ್ಟೂರು ಕಿರ್ಕುಕ್ಕೇ. ವಿಶ್ವಸಂಸ್ಥೆಯ ಇರಾಕ್ ನಿಯೋಗ 2009ರಲ್ಲಿ ಕೊಟ್ಟ ವರದಿ ಕಿರ್ಕುಕ್ ಪ್ರಾಂತ್ಯವನ್ನು ಒಡೆಯದೆ, ಒಂದೇ ಘಟಕವಾಗಿ ಇಟ್ಟುಕೊಂಡು, ಎರಡೂ ಸರ್ಕಾರಗಳ ಜೊತೆ ನಂಟಿರುವ ವಿಶೇಷ ಸ್ಥಾನದಂಥ ಆಯ್ಕೆಗಳನ್ನು ಮುಂದಿಟ್ಟಿತ್ತು. ಈಗಲೂ ಮಾತುಕತೆ ಆರಂಭಿಸಲು ಅದಕ್ಕಿಂತ ಒಳ್ಳೆಯ ಜಾಗ ಕಾಣುವುದಿಲ್ಲ.

ಇತ್ತೀಚೆಗೆ ನಕ್ಷೆಯಲ್ಲಿ ಆದ ಒಂದೇ ಅಧಿಕೃತ ಬದಲಾವಣೆ ಹಲಬ್ಜಾದ್ದು. 2025ರ ಏಪ್ರಿಲ್ 14ರಂದು ಇರಾಕಿ ಸಂಸತ್ತು ಅದನ್ನು ದೇಶದ 19ನೇ ಪ್ರಾಂತ್ಯವಾಗಿ ಒಪ್ಪಿತು. ಅದನ್ನು ಸುಲೈಮಾನಿಯಾದಿಂದ ಬಿಡಿಸಿ ಮಾಡಿದ್ದರಿಂದ ಕುರ್ದಿಸ್ತಾನದ ಹೊರಗಡಿ ಒಂದು ಗೇಣೂ ಸರಿಯಲಿಲ್ಲ.

ಅದಕ್ಕಿಂತ ದೊಡ್ಡ ಹೆಜ್ಜೆ ಗಡಿಯ ಮಾತನ್ನೇ ಎತ್ತದ ಒಂದು ಕಾನೂನಿನಲ್ಲಿದೆ. ಕ್ರಾಂತಿ ಮಂಡಳಿಯ ಆದೇಶಗಳನ್ನು ರದ್ದುಮಾಡಿ, ಕಿತ್ತುಕೊಂಡ ಜಮೀನನ್ನು ಕುರ್ದ್ ಮತ್ತು ತುರ್ಕ್‌ಮನ್ ಮಾಲೀಕರಿಗೆ ಮರಳಿಸುವ ಮಸೂದೆಗೆ ಸಂಸತ್ತು 2025ರ ಜನವರಿ 21ರಂದು ಒಪ್ಪಿಗೆ ಕೊಟ್ಟಿತು. ಯಾವ ಸರ್ಕಾರದ ಬಾವುಟ ಹಾರಿದರೂ ಹೊಲ ಯಾರದ್ದು ಎಂಬುದು ಮೊದಲು ಇತ್ಯರ್ಥವಾಗಲಿ ಎಂಬ ಈ ದಾರಿ 140ನೇ ವಿಧಿಯ ಮೊದಲ ಹೆಜ್ಜೆಯೇ ಆಗಿತ್ತು, ಹದಿನೇಳು ವರ್ಷ ತಡವಾಗಿ ಬಂದಿದೆ. ಮರುತಿಂಗಳು ಕಿರ್ಕುಕ್ ಪ್ರಾಂತ್ಯದ ಒಂದು ಹೊಲದಲ್ಲಿ ಉಳಲು ಬಂದ ಕುರ್ದ್ ರೈತರಿಗೂ ಅವರನ್ನು ತಡೆದ ಇರಾಕಿ ಸೈನಿಕರಿಗೂ ಟ್ರ್ಯಾಕ್ಟರಿನ ಬಳಿಯೇ ತಳ್ಳಾಟವಾಯಿತು, ಅದರ ವಿಡಿಯೊ ಇರಾಕಿನಾದ್ಯಂತ ಹರಡಿತು. ತಡೆದ ಸೈನಿಕರನ್ನು ಅಲ್ಲಿಗೆ ಕಳಿಸಿದ ಸರ್ಕಾರ ಬಾಗ್ದಾದ್‌ನದು. ಒಂದು ತಿಂಗಳ ಹಿಂದೆ ಕಾನೂನು ಮಾಡಿದ ಸಂಸತ್ತು ಇರುವುದೂ ಅದೇ ಬಾಗ್ದಾದ್‌ನಲ್ಲಿ.